ಆಲ್ಫಾ ಲೆಕ್ಕ 60 ಪಟ್ಟು ತಪ್ಪಿದರೆ ಥಿಯರಿಯೇ ತಪ್ಪಾ?

ಪ್ರಶ್ನೆ: ನಾನು ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ನನ್ನ ಪ್ರಾಜೆಕ್ಟ್ ಆಲ್ಫಾ ಕ್ಷಯದ ಮೇಲೆ, ಅಂದರೆ ಭಾರದ ನ್ಯೂಕ್ಲಿಯಸ್ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇರುವ ತುಂಡನ್ನು (ಆಲ್ಫಾ) ಹೊರಹಾಕುವುದರ ಮೇಲೆ. ಆಲ್ಫಾ ನ್ಯೂಕ್ಲಿಯಸ್ ಸುತ್ತಲಿನ ಗೋಡೆ ತೂರಿ ಬರುವ ಸಂಭವ ಹೇಳುವ ಗ್ಯಾಮೊ ಸೂತ್ರದಿಂದ ಯುರೇನಿಯಂ-238ರ ಅರ್ಧಾಯು (ಅರ್ಧದಷ್ಟು ನ್ಯೂಕ್ಲಿಯಸ್ ಒಡೆಯಲು ಬೇಕಾದ ಕಾಲ) ಲೆಕ್ಕ ಹಾಕಿದೆ. ಪ್ರೋಟಾನ್ ಸಂಖ್ಯೆ 92, ಆಲ್ಫಾ ಶಕ್ತಿ 4.198 ಎಂಇವಿ (ನ್ಯೂಕ್ಲಿಯಸ್‌ನ ಶಕ್ತಿ ಅಳೆಯುವ ಏಕಮಾನ), ನ್ಯೂಕ್ಲಿಯಸ್‌ನ ತ್ರಿಜ್ಯ ಲೆಕ್ಕ ಹಾಕಲು ಬಳಸುವ ತ್ರಿಜ್ಯದ ಸ್ಥಿರಾಂಕ 1.2 ಫೆಮ್ಟೋಮೀಟರ್, ಆಲ್ಫಾ ಸೆಕೆಂಡಿಗೆ 10²¹ ಸಲ ಗೋಡೆಗೆ ಬಡಿಯುತ್ತದೆ ಅಂತ ತೆಗೆದುಕೊಂಡೆ. ಬಂದ ಉತ್ತರ ನಿಜವಾದ ಅರ್ಧಾಯುವಿನ ಸುಮಾರು 60 ಪಟ್ಟು. ಸೀನಿಯರ್ ಒಬ್ಬರು "ತ್ರಿಜ್ಯ ಸ್ವಲ್ಪ ಜಾಸ್ತಿ ಮಾಡು, ಕೂತುಕೊಳ್ಳುತ್ತೆ, ಎಲ್ಲರೂ ಮಾಡೋದು ಅದನ್ನೇ" ಅಂದರು. ಇದು ಮೋಸ ಅಲ್ವಾ? ಆಲ್ಫಾ ಗೋಡೆ ದಾಟಲು ಶಕ್ತಿ ಸಾಲ ತೆಗೆದುಕೊಳ್ಳುತ್ತದೆ ಅನ್ನುವುದು ನಿಜವಾ? ಅದು ಒಳಗೆ ಮೊದಲಿಂದಲೇ ಕಣವಾಗಿ ಇರುತ್ತದಾ? ಪೇಪರ್ ತೆಗೆದರೆ ಒಂದೊಂದರಲ್ಲಿ ಒಂದೊಂದು ಮಾಡೆಲ್. ಯಾವುದನ್ನು ಹಿಡಿಯಲಿ? ಗೈಡ್ ಬೀಟಾ ಕ್ಷಯವನ್ನೂ (ಎಲೆಕ್ಟ್ರಾನ್ ಹೊರಬರುವ ಕ್ಷಯ) ಸೇರಿಸು ಅನ್ನುತ್ತಿದ್ದಾರೆ. ಸಬ್ಮಿಷನ್ ಹತ್ತಿರ ಬರುತ್ತಿದೆ, ಭಯ ಆಗಿದೆ.

ಉತ್ತರ: ನೀವು ಹಾಕಿದ ಸಂಖ್ಯೆಗಳನ್ನೆಲ್ಲ ಬರೆದು ಕಳಿಸಿದ್ದೀರಿ. ಅದರಿಂದ ತುಂಬಾ ಅನುಕೂಲ ಆಯಿತು. ಹೆಚ್ಚಿನವರು "ಉತ್ತರ ಬರ್ತಿಲ್ಲ ಸರ್" ಅಂತ ಮಾತ್ರ ಬರೆಯುತ್ತಾರೆ. ನಿಮ್ಮ ಪತ್ರದಲ್ಲಿ ಎರಡು ಆತಂಕ ಇವೆ. ಒಂದು, ನಾನು ತಪ್ಪು ಮಾಡಿದೆನಾ ಅಥವಾ ಥಿಯರಿಯೇ ತಪ್ಪಾ ಅನ್ನುವುದು. ಇನ್ನೊಂದು, ಹೊಂದಿಸಿದರೆ ಅದು ಅಪ್ರಾಮಾಣಿಕವಾ ಅನ್ನುವುದು. ಮೊದಲನೆಯದನ್ನು ಮೊದಲು ಬಿಡಿಸೋಣ.

ಆ 60 ಪಟ್ಟಿನ ಬಹುಪಾಲು ನೀವು ಹಾಕಿದ ಎರಡು ಸಂಖ್ಯೆಗಳಿಂದಲೇ ಬಂದಿದೆ. ಥಿಯರಿಯದ್ದೇನೂ ತಪ್ಪಿಲ್ಲ.

ಪ್ರೋಟಾನ್ ಸಂಖ್ಯೆ ನೋಡಿ. ಆಲ್ಫಾ ಹೊರಗೆ ಹೋಗುವಾಗ ಅದನ್ನು ಹಿಂದಿನಿಂದ ತಳ್ಳುವುದು ಉಳಿದ ಭಾಗ, ಅಂದರೆ ಥೋರಿಯಂ-234. ಅದರಲ್ಲಿ ಇರುವುದು 90 ಪ್ರೋಟಾನ್. ಉಳಿದೆರಡನ್ನು ಆಲ್ಫಾ ತನ್ನ ಜೊತೆಗೇ ಒಯ್ದಿದೆ. 92ರ ಬದಲು 90 ಹಾಕಿ. ಇಷ್ಟಕ್ಕೇ ಅರ್ಧಾಯು ಸುಮಾರು 17 ಪಟ್ಟು ಕಡಿಮೆಯಾಗುತ್ತದೆ.

ಇನ್ನು ಶಕ್ತಿ. 4.198 ಎಂಇವಿ ಅಂದರೆ ಪ್ರಯೋಗಾಲಯದ ಡಿಟೆಕ್ಟರ್ ಅಳೆಯುವ ಆಲ್ಫಾದ ಚಲನಶಕ್ತಿ. ಬಂದೂಕು ಹಾರಿಸಿದಾಗ ಹಿಂದಕ್ಕೆ ಒದೆಯುವ ಹಾಗೆ ಥೋರಿಯಂ ಕೂಡ ಹಿಂದಕ್ಕೆ ಸರಿಯುತ್ತದೆ. ಅದು 0.072 ಎಂಇವಿ ಒಯ್ಯುತ್ತದೆ. ಎರಡನ್ನೂ ಸೇರಿಸಿದರೆ ಕ್ಯೂ-ಮೌಲ್ಯ 4.270 ಎಂಇವಿ. ತಗ್ಗಿಸಿದ ದ್ರವ್ಯರಾಶಿ (ಎರಡೂ ತುಂಡುಗಳ ಚಲನೆಯನ್ನು ಒಟ್ಟಿಗೆ ಹಿಡಿಯುವ ದ್ರವ್ಯರಾಶಿ) ಬಳಸುವ ಸೂತ್ರಕ್ಕೆ ಹಾಕಬೇಕಾದದ್ದು ಇದನ್ನೇ. 0.072 ಅಂದರೆ ಎರಡು ಪರ್ಸೆಂಟೂ ಇಲ್ಲ. ಆದರೂ ಇದೊಂದರಿಂದಲೇ ಸುಮಾರು 4 ಪಟ್ಟು ವ್ಯತ್ಯಾಸ ಬರುತ್ತದೆ.

ಈಗ ಎರಡನ್ನೂ ಸರಿಪಡಿಸಿ ನನ್ನ ಜೊತೆ ಲೆಕ್ಕ ಹಾಕಿ. ಎರಡೂ ತುಂಡುಗಳ ತ್ರಿಜ್ಯ ಸೇರಿಸಿದರೆ 9.3 ಫೆಮ್ಟೋಮೀಟರ್. ಅಲ್ಲಿ ವಿದ್ಯುತ್ ವಿಕರ್ಷಣೆಯ ಗೋಡೆಯ ಎತ್ತರ ಸುಮಾರು 28 ಎಂಇವಿ. ಗೋಡೆ ಇಳಿಯುತ್ತಾ ಹೋಗಿ 4.27 ಎಂಇವಿಗೆ ಬರುವುದು 60.7 ಫೆಮ್ಟೋಮೀಟರ್ ದೂರದಲ್ಲಿ. ನಡುವಿನ 51 ಫೆಮ್ಟೋಮೀಟರ್ ಆಲ್ಫಾಗೆ ನಿಷಿದ್ಧ ಜಾಗ. ಅಲ್ಲಿ ಡಬ್ಲ್ಯುಕೆಬಿ (ಗೋಡೆ ತೂರುವ ಸಂಭವವನ್ನು ಅಂದಾಜಿಸುವ ವಿಧಾನ) ಅನುಕಲನ ಮಾಡಿದರೆ ಘಾತಾಂಕ ಸುಮಾರು 88 ಬರುತ್ತದೆ, ಸಂಭವ e⁻⁸⁸. ಅಂದರೆ ಒಂದು ಬಡಿತಕ್ಕೆ ಹೊರಬರುವ ಸಂಭವ ಸುಮಾರು 10⁻³⁸. ಸೆಕೆಂಡಿಗೆ 10²¹ ಬಡಿತ ಅಂದರೆ ಅರ್ಧಾಯು ಸುಮಾರು 1.1 × 10¹⁷ ಸೆಕೆಂಡ್. ಅಳೆದದ್ದು 1.41 × 10¹⁷ ಸೆಕೆಂಡ್, ಅಂದರೆ 446.8 ಕೋಟಿ ವರ್ಷ. ಹತ್ತಿರ ಬಂತಲ್ವಾ?

ಹಿಗ್ಗುವ ಮೊದಲು ಒಂದು ನಿಮಿಷ ತಡೆಯಿರಿ, ಈ ಹೊಂದಾಣಿಕೆಗೆ ಮತ್ತೆ ಬರುತ್ತೇನೆ. ಮೊದಲು ನಿಮ್ಮ ಸೀನಿಯರ್ ಸಲಹೆ ನೋಡೋಣ. ತಪ್ಪು ಸಂಖ್ಯೆಗಳನ್ನು ಹಾಗೇ ಬಿಟ್ಟು ತ್ರಿಜ್ಯದ ಸ್ಥಿರಾಂಕವನ್ನು 1.2ರಿಂದ 1.33ಕ್ಕೆ ಏರಿಸಿದ್ದರೆ ನಿಮ್ಮ ಉತ್ತರ ಅಚ್ಚುಕಟ್ಟಾಗಿ ಕೂತುಬಿಡುತ್ತಿತ್ತು. 1.33 ಯಾರಿಗೂ ಅಸಹಜ ಅನಿಸುತ್ತಲೂ ಇರಲಿಲ್ಲ. ಎರಡೂ ತಪ್ಪು ಕಣ್ಣಿಗೆ ಬೀಳದೆ ಥೀಸಿಸ್ ಬೈಂಡಿಂಗ್ ಆಗಿ ಹೋಗುತ್ತಿತ್ತು. ನನ್ನ ವಿರೋಧ ಇರುವುದು ಇದಕ್ಕೆ. ತ್ರಿಜ್ಯ ಬದಲಿಸುವುದೇ ಪಾಪ ಅಂತ ನಾನು ಹೇಳುವುದಿಲ್ಲ. ನ್ಯೂಕ್ಲಿಯಸ್‌ಗೆ ಕತ್ತರಿಸಿದಂಥ ಅಂಚು ಇಲ್ಲ, ಆದ್ದರಿಂದ ತ್ರಿಜ್ಯವನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಆದರೆ ಒಮ್ಮೆ ನಿಲ್ಲಿಸಿದ ಮೇಲೆ ಎಲ್ಲ ನ್ಯೂಕ್ಲಿಯಸ್‌ಗೂ ಅದೇ ಇರಬೇಕು, ಎಲ್ಲಿ ನಿಲ್ಲಿಸಿದ್ದೀರಿ ಅಂತ ಬರೆಯಲೂ ಬೇಕು. ಒಂದೊಂದು ನ್ಯೂಕ್ಲಿಯಸ್‌ಗೆ ಒಂದೊಂದು ತ್ರಿಜ್ಯ ಹಾಕಿದರೆ ಅದು ಲೆಕ್ಕವೇ ಅಲ್ಲ, ಅಳತೆಯನ್ನು ಇನ್ನೊಂದು ರೂಪದಲ್ಲಿ ಬರೆದಂತೆ.

ಉತ್ತರ ಯಾಕೆ ಇಷ್ಟು ನಾಜೂಕು ಅಂತ ಅರ್ಥವಾದರೆ ನಿಮ್ಮ ಭಯ ಅರ್ಧ ಹೋಗುತ್ತದೆ. ನಾವು ಲೆಕ್ಕ ಹಾಕುವುದು 88 ಅನ್ನುವ ಸಂಖ್ಯೆಯನ್ನು. ಅರ್ಧಾಯು ಇರುವುದು ಅದರ ಘಾತದಲ್ಲಿ. 88ರಲ್ಲಿ ಎರಡು ಪರ್ಸೆಂಟ್ ತಪ್ಪಿದರೆ ಅರ್ಧಾಯು ಆರು ಪಟ್ಟು ತಪ್ಪುತ್ತದೆ. ಯುರೇನಿಯಂ-238ಕ್ಕೆ ಕ್ಯೂ-ಮೌಲ್ಯ 0.1 ಎಂಇವಿ ಏರಿಸಿ ನೋಡಿ, ಅರ್ಧಾಯು ಏಳರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ತ್ರಿಜ್ಯದ ಸ್ಥಿರಾಂಕ 1.2ರಿಂದ 1.25 ಮಾಡಿ, ಐದರಲ್ಲೊಂದು ಭಾಗ. ಈ ಎರಡು ಸಾಲನ್ನು ಪ್ರಾಜೆಕ್ಟಿನಲ್ಲಿ ಟೇಬಲ್ ಮಾಡಿ ಹಾಕಿ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ನಾನು ಹುಡುಕಿ ಸಿಗದೇ ಹೋಗುವುದು ಇದೇ.

ಇನ್ನೊಂದು ಕಡೆಯಿಂದ ನೋಡಿದರೆ ಥಿಯರಿ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಥೋರಿಯಂ-232ರ ಕ್ಯೂ-ಮೌಲ್ಯ 4.08 ಎಂಇವಿ, ಅರ್ಧಾಯು 1,405 ಕೋಟಿ ವರ್ಷ. ಪೊಲೋನಿಯಂ-212ರದ್ದು 8.95 ಎಂಇವಿ, ಅರ್ಧಾಯು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಸುಮಾರು 0.3. ಶಕ್ತಿ ಎರಡರಷ್ಟು ಸ್ವಲ್ಪ ಮೇಲೆ, ಅರ್ಧಾಯುವಿನ ಅಂತರ 10²⁴ ಪಟ್ಟು! ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ನಟಾಲ್ 1911ರಲ್ಲೇ ಇದರ ಜಾಡು ಹಿಡಿದಿದ್ದರು. ಗಾಳಿಯಲ್ಲಿ ದೂರ ಹೋಗುವ ಆಲ್ಫಾಗಳು ಬೇಗ ಸಾಯುವ ಮೂಲವಸ್ತುಗಳಿಂದ ಬರುತ್ತವೆ ಅಂತ ಗ್ರಾಫ್ ಹಾಕಿ ತೋರಿಸಿದ್ದರು. ಯಾಕೆ ಅಂತ ಹದಿನೇಳು ವರ್ಷ ಯಾರಿಗೂ ಹೊಳೆಯಲಿಲ್ಲ. ಇಪ್ಪತ್ನಾಲ್ಕು ಪೂಜ್ಯಗಳನ್ನು ದಾಟಿಸುವ ಒಂದು ಸೂತ್ರ ಕೊನೆಗೆ ನಾಲ್ಕು ಪಟ್ಟು, ಹತ್ತು ಪಟ್ಟು ತಪ್ಪಿತು ಅಂತ ಅದನ್ನು ಕಟ್ಟುಕಥೆ ಅನ್ನುವುದು ಅನ್ಯಾಯ.

ಈಗ ಶಕ್ತಿ ಸಾಲದ ಮಾತು. ಇದು ನಿಜವಲ್ಲ, ಆದರೆ ಎಷ್ಟೋ ಒಳ್ಳೆಯ ಮೇಷ್ಟ್ರುಗಳ ಬಾಯಲ್ಲೂ ಬರುತ್ತದೆ. ಆಲ್ಫಾ 28 ಎಂಇವಿ ಎತ್ತರ ಹತ್ತಿ ಆ ಕಡೆ ಇಳಿಯುವುದಿಲ್ಲ. ಹಾಗೆ ಹತ್ತಿ ಇಳಿದಿದ್ದರೆ ಹೊರಬಂದಾಗ ಅದರ ಬಳಿ 28 ಎಂಇವಿ ಇರಬೇಕಿತ್ತು. ರುದರ್‌ಫೋರ್ಡ್‌ಗೆ ಕಾಡಿದ ಪ್ರಶ್ನೆ ಇದೇ. ಯುರೇನಿಯಂನ ಆಲ್ಫಾಗಿಂತ ಎರಡರಷ್ಟು ಶಕ್ತಿಯ ಆಲ್ಫಾಗಳನ್ನು ಹೊರಗಿನಿಂದ ಯುರೇನಿಯಂ ಮೇಲೆ ಹಾರಿಸಿದರೂ ಅವು ಗೋಡೆ ದಾಟದೆ ವಾಪಸ್ ಬರುತ್ತಿದ್ದವು. ಹಾಗಾದರೆ ಒಳಗಿನಿಂದ ಅರ್ಧ ಶಕ್ತಿಯದ್ದು ಹೇಗೆ ಹೊರಗೆ ಬರುತ್ತದೆ? 1928ರಲ್ಲಿ ಗಾಟಿಂಗನ್‌ನಲ್ಲಿದ್ದ, ಆಗ ಇಪ್ಪತ್ನಾಲ್ಕು ವರ್ಷದ ಜಾರ್ಜ್ ಗ್ಯಾಮೊ ಇದಕ್ಕೆ ಉತ್ತರ ಕೊಟ್ಟರು. ಅದೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಗರ್ನಿ ಮತ್ತು ಕಾಂಡನ್ ಬೇರೆಯಾಗಿ ಅದೇ ಉತ್ತರಕ್ಕೆ ಬಂದರು. ಆಲ್ಫಾದ ಅಲೆಯ ಎತ್ತರ ಗೋಡೆಯೊಳಗೆ ಸೊನ್ನೆ ಆಗುವುದಿಲ್ಲ, ಕುಗ್ಗುತ್ತಾ ಹೋಗುತ್ತದೆ. ಆಚೆ ಬದಿಯಲ್ಲಿ ಉಳಿದ ಪುಟ್ಟ ಬಾಲವೇ ಹೊರಬರುವ ಸಂಭವ. ಒಟ್ಟು ಶಕ್ತಿ ಮೊದಲಿಂದ ಕೊನೆಯವರೆಗೂ 4.27 ಎಂಇವಿ, ಒಂದು ಕ್ಷಣಕ್ಕೂ ಏರುವುದಿಲ್ಲ. ಶಕ್ತಿ-ಕಾಲದ ಅನಿಶ್ಚಿತತೆ ಬಳಸಿ ಸಾಲದ ಲೆಕ್ಕ ಹಾಕುವವರು ಇದ್ದಾರೆ. ಆ ದಾರಿಯಲ್ಲಿ 446 ಕೋಟಿ ವರ್ಷ ಅನ್ನುವ ಸಂಖ್ಯೆ ಎಂದೂ ಬರುವುದಿಲ್ಲ, ನೀವೇ ಪ್ರಯತ್ನಿಸಿ ನೋಡಿ.

ಇದರ ಜೊತೆಗೆ ಇನ್ನೊಂದು ತಪ್ಪು ತಿಳುವಳಿಕೆ ಇದೆ. ವೈವಾದಲ್ಲಿ ಕೇಳುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ನ್ಯೂಕ್ಲಿಯಸ್‌ಗೆ ವಯಸ್ಸಾಗುವುದಿಲ್ಲ. ಭೂಮಿ ಹುಟ್ಟಿದಾಗಿನಿಂದ ಇರುವ ಯುರೇನಿಯಂ ನ್ಯೂಕ್ಲಿಯಸ್‌ಗೂ ನಿನ್ನೆ ಪ್ಲುಟೋನಿಯಂ-242 ಒಡೆದು ಹುಟ್ಟಿದ ಯುರೇನಿಯಂ-238ಕ್ಕೂ ಮುಂದಿನ ಸೆಕೆಂಡಿನಲ್ಲಿ ಒಡೆಯುವ ಸಂಭವ ಒಂದೇ. "10³⁸ ಸಲ ಬಡಿದ ಮೇಲೆ ಗೋಡೆ ಸವೆಯುತ್ತದೆ" ಅನ್ನುವ ಚಿತ್ರ ತಲೆಯಲ್ಲಿದ್ದರೆ ತೆಗೆದುಹಾಕಿ.

ನಿಮ್ಮ ಮೂರನೇ ಪ್ರಶ್ನೆ ಎಲ್ಲಕ್ಕಿಂತ ಒಳ್ಳೆಯದು. ಆಲ್ಫಾ ಒಳಗೆ ಮೊದಲಿಂದಲೇ ಇರುತ್ತದಾ? ಇದಕ್ಕೆ ಉತ್ತರ ಹೇಳಲು ಮೇಲಿನ ಲೆಕ್ಕವನ್ನೇ ಒಂದು ಸಂಖ್ಯೆಯನ್ನೂ ಬದಲಿಸದೆ ಬೇರೆ ನ್ಯೂಕ್ಲಿಯಸ್‌ಗಳಿಗೆ ಹಾಕೋಣ. ಅದೇ 1.2, ಅದೇ 10²¹.

ಥೋರಿಯಂ-232ಕ್ಕೆ 3.6 × 10¹⁷ ಸೆಕೆಂಡ್ ಬರುತ್ತದೆ. ಅಳತೆ 4.4 × 10¹⁷. ಚೆನ್ನಾಗಿದೆ. ಪೊಲೋನಿಯಂ-212ಕ್ಕೆ ಲೆಕ್ಕದ ಉತ್ತರ ಅಳತೆಯ ನಾಲ್ಕರಲ್ಲೊಂದು ಭಾಗ. ಪರವಾಗಿಲ್ಲ. ಈಗ ಪೊಲೋನಿಯಂ-210 ಹಾಕಿ. ಕ್ಯೂ-ಮೌಲ್ಯ 5.407 ಎಂಇವಿ. ಲೆಕ್ಕ ಹೇಳುವುದು ಮೂರು ದಿನ ಚಿಲ್ಲರೆ. ನಿಜವಾದ ಅರ್ಧಾಯು 138 ದಿನ! ನಲವತ್ತಕ್ಕೂ ಹೆಚ್ಚು ಪಟ್ಟು ತಪ್ಪು. ಅದೇ ಧಾತು, ಎರಡೇ ಎರಡು ನ್ಯೂಟ್ರಾನ್ ಕಡಿಮೆ.

ಏನಾಯಿತು? ನಾವು ಬಡಿತ ಎಣಿಸುವಾಗ ಆಲ್ಫಾ ಒಳಗೆ ಸಿದ್ಧವಾಗಿ ಕೂತಿದೆ ಅಂತ ಸುಮ್ನೆ ಅಂದುಕೊಂಡೆವು. ನಿಜದಲ್ಲಿ ಒಳಗಿರುವುದು ಪ್ರೋಟಾನ್‌ಗಳು, ನ್ಯೂಟ್ರಾನ್‌ಗಳು. ಅವು ತಮ್ಮ ತಮ್ಮ ಕವಚಗಳಲ್ಲಿ, ಅಂದರೆ ಶಕ್ತಿಯ ಮಟ್ಟಗಳ ಗುಂಪುಗಳಲ್ಲಿ, ಇರುತ್ತವೆ. ನ್ಯೂಕ್ಲಿಯಸ್‌ನ ಹೊರಮೈ ಹತ್ತಿರ, ಸಾಂದ್ರತೆ ಕಡಿಮೆ ಇರುವ ಜಾಗದಲ್ಲಿ, ಎರಡು ಪ್ರೋಟಾನ್ ಎರಡು ನ್ಯೂಟ್ರಾನ್ ಆಲ್ಫಾದ ರೂಪದಲ್ಲಿ ಒಟ್ಟಿಗೆ ಸಿಗುವ ಒಂದು ಸಂಭವ ಇರುತ್ತದೆ. ಅದನ್ನು ಪೂರ್ವರಚನೆಯ ಸಂಭವ ಅನ್ನುತ್ತೇವೆ. ಪೊಲೋನಿಯಂ-212ರಲ್ಲಿ ಸೀಸ-208 ಅನ್ನುವ ಗಟ್ಟಿ ಕವಚದ ಹೊರಗೆ ಸರಿಯಾಗಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇವೆ. ಅವು ಆಲ್ಫಾ ಆಗುವುದು ಸುಲಭ. ಪೊಲೋನಿಯಂ-210ರಲ್ಲಿ 126 ನ್ಯೂಟ್ರಾನ್, ಅಂದರೆ ತುಂಬಿದ ಕವಚ. ಆಲ್ಫಾಗೆ ಬೇಕಾದ ಎರಡು ನ್ಯೂಟ್ರಾನ್‌ಗಳನ್ನು ಆ ಕವಚದೊಳಗಿಂದ ಕೀಳಬೇಕು. ಸಂಭವ ತಟ್ಟನೆ ಬೀಳುತ್ತದೆ. ಗೋಡೆಯ ಲೆಕ್ಕಕ್ಕೆ ಕವಚದ ಸುದ್ದಿಯೇ ಗೊತ್ತಿಲ್ಲ. ಆದ್ದರಿಂದ ಅದು ಇಲ್ಲಿ ಮುಗ್ಗರಿಸುತ್ತದೆ.

ಯುರೇನಿಯಂ-238ರ ಹೊಂದಾಣಿಕೆಗೆ ಹಿಗ್ಗಬೇಡಿ ಅಂದದ್ದು ಇದಕ್ಕೇ. ಅಲ್ಲೂ ಪೂರ್ವರಚನೆಯ ಸಂಭವ ಒಂದಕ್ಕಿಂತ ಎಷ್ಟೋ ಕಡಿಮೆ. ಅದನ್ನು ಬಿಟ್ಟದ್ದರಿಂದ ನಮ್ಮ ಉತ್ತರ ಅಳತೆಗಿಂತ ತುಂಬಾ ಚಿಕ್ಕದಾಗಬೇಕಿತ್ತು. ಆದರೆ ಯುರೇನಿಯಂ-238 ಗುಂಡಗಿಲ್ಲ, ಉದ್ದಕ್ಕೆ ಎಳೆದಂತಿದೆ. ಅದರ ಎರಡು ತುದಿಗಳಲ್ಲಿ ಗೋಡೆ ತಗ್ಗು, ಅಲ್ಲಿಂದ ಆಲ್ಫಾ ಜಾಸ್ತಿ ಸೋರುತ್ತದೆ. ನಾವು ಗುಂಡಗೆ ಅಂದುಕೊಂಡು ಈ ಸೋರಿಕೆಯನ್ನು ಬಿಟ್ಟೆವು. ಒಂದು ತಪ್ಪು ಅರ್ಧಾಯುವನ್ನು ಕಡಿಮೆ ಮಾಡಿತು, ಇನ್ನೊಂದು ಜಾಸ್ತಿ ಮಾಡಿತು. 1.2 ಅನ್ನುವ ಆಯ್ಕೆಯೂ ಜೊತೆಗೂಡಿತು. ನೀವು ಯುರೇನಿಯಂ ಒಂದನ್ನೇ ಮಾಡಿ ಪ್ರಾಜೆಕ್ಟ್ ಮುಗಿಸಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ.

ಹಾಗೇ ಯುರೇನಿಯಂ-235 ಕೂಡ ಹಾಕಿ ನೋಡಿ. ಕ್ಯೂ-ಮೌಲ್ಯ 4.678 ಎಂಇವಿ. ಲೆಕ್ಕ ಅಳತೆಗಿಂತ ಮುನ್ನೂರು ಪಟ್ಟಿನಷ್ಟು ಕಡಿಮೆ ಬರುತ್ತದೆ. ಅಲ್ಲಿ ಒಂಟಿ ನ್ಯೂಟ್ರಾನ್ ಒಂದು ಇದೆ. ಅದು ತಾನಿದ್ದ ಸ್ಥಿತಿಯಲ್ಲೇ ಉಳಿಯಬೇಕಾದರೆ ಹಿಂದೆ ಉಳಿಯುವ ಥೋರಿಯಂ-231 ಉದ್ರಿಕ್ತ ಸ್ಥಿತಿಯಲ್ಲಿ, ಅಂದರೆ ಸುಮಾರು 0.2 ಎಂಇವಿ ಹೆಚ್ಚಿನ ಶಕ್ತಿಯಲ್ಲಿ, ಹುಟ್ಟಬೇಕು. ಹೆಚ್ಚಿನ ಆಲ್ಫಾಗಳು ಆ ದಾರಿಯಲ್ಲೇ ಹೋಗುತ್ತವೆ. ಅವುಗಳಿಗೆ ಸಿಗುವ ಶಕ್ತಿ ಅಷ್ಟು ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಅಂತರದ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಹಾಗಾಗಿ ಸಮ ಪ್ರೋಟಾನ್, ಸಮ ನ್ಯೂಟ್ರಾನ್ ಇರುವ ನ್ಯೂಕ್ಲಿಯಸ್‌ಗಳಿಂದ ಶುರು ಮಾಡಿ. ಬೆಸ ಇರುವವನ್ನು ಬೇರೆ ಟೇಬಲ್‌ನಲ್ಲಿ ಇಡಿ. ಎರಡನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಿ ಸರಾಸರಿ ತೆಗೆದರೆ ಏನೂ ಹೇಳದ ಒಂದು ಸಂಖ್ಯೆ ಸಿಗುತ್ತದೆ.

ಇನ್ನು ಯಾವ ಮಾಡೆಲ್ ಅನ್ನುವ ಪ್ರಶ್ನೆ. ಪೇಪರ್‌ಗಳಲ್ಲಿ ಹತ್ತಾರು ಹೆಸರು ಕಂಡರೂ ದಾರಿಗಳು ನಾಲ್ಕೇ.

ನೀವು ಈಗ ನಿಂತಿರುವ ದಾರಿಯನ್ನೇ ಮುಂದುವರಿಸಬಹುದು. ಗ್ಯಾಮೊ ಲೆಕ್ಕಕ್ಕೆ ಚೌಕಾಕಾರದ ಬಾವಿಯ ಬದಲು ಅಂಚು ನಿಧಾನವಾಗಿ ಬದಲಾಗುವ ವುಡ್ಸ್-ಸ್ಯಾಕ್ಸನ್ ಅಥವಾ ಪ್ರಾಕ್ಸಿಮಿಟಿ ವಿಭವ (ಗೋಡೆಯ ಆಕಾರ ಹೇಳುವ ಶಕ್ತಿಯ ನಕ್ಷೆ) ಹಾಕಿ, ಅನುಕಲನವನ್ನು ಕಂಪ್ಯೂಟರ್‌ನಲ್ಲಿ ಮಾಡಿ, ಅಳತೆಯ ಜೊತೆ ಹೋಲಿಸಿ ಪೂರ್ವರಚನೆಯ ಸಂಭವವನ್ನು ಹೊರತೆಗೆಯುವುದು. ಒಂದು ಸೆಮಿಸ್ಟರ್‌ಗೆ ಇದು ಸರಿಯಾದ ಗಾತ್ರ, ನನ್ನ ಓಟು ಇದಕ್ಕೇ. ಅಪಾಯ ಏನೆಂದರೆ, ಹೀಗೆ ತೆಗೆದ ಸಂಭವದಲ್ಲಿ ನಿಮ್ಮ ವಿಭವದ ಎಲ್ಲ ಕೊರತೆಯೂ ಸೇರಿಕೊಂಡಿರುತ್ತದೆ. ವಿಭವ ಬದಲಿಸಿದರೆ ಅದೂ ಬದಲಾಗುತ್ತದೆ. ಆದ್ದರಿಂದ "ಪೊಲೋನಿಯಂ-210ರಲ್ಲಿ ಸಂಭವ 0.023" ಅಂತ ಒಂಟಿ ಸಂಖ್ಯೆ ಹೇಳಬೇಡಿ. "ಪೊಲೋನಿಯಂ-212ಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆ" ಅನ್ನಿ. ಒಂದೇ ಮಾಡೆಲ್‌ನೊಳಗಿನ ಅನುಪಾತವನ್ನು ಹೆಚ್ಚು ನಂಬಬಹುದು.

ಎರಡನೆಯದು, ಆಲ್ಫಾ ಹೊರಬರುವುದನ್ನು ತುಂಬಾ ಅಸಮವಾದ ವಿದಳನ ಅಂತ ನೋಡುವುದು. ನ್ಯೂಕ್ಲಿಯಸ್ ಉದ್ದಕ್ಕೆ ಎಳೆದುಕೊಂಡು, ಕುತ್ತಿಗೆ ಸಣ್ಣದಾಗಿ, ಒಂದು ದೊಡ್ಡ ತುಂಡು ಒಂದು ಪುಟ್ಟ ತುಂಡು ಆಗುತ್ತದೆ. ಸಂಡುಲೆಸ್ಕು, ಪೊಯೆನಾರು, ಗ್ರೈನರ್ 1980ರಲ್ಲಿ ಈ ದಾರಿ ಹಿಡಿದು, ಆಲ್ಫಾಗಿಂತ ಭಾರದ ತುಂಡುಗಳೂ ತಾವಾಗಿಯೇ ಹೊರಬರಬೇಕು ಅಂದರು. ನಾಲ್ಕು ವರ್ಷಕ್ಕೆ, 1984ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ರೋಸ್ ಮತ್ತು ಜೋನ್ಸ್ ರೇಡಿಯಂ-223ರಿಂದ ಕಾರ್ಬನ್-14 ಹೊರಬರುವುದನ್ನು ಕಂಡರು. ಸುಮಾರು ನೂರು ಕೋಟಿ ಆಲ್ಫಾಗಳಿಗೆ ಒಂದು ಕಾರ್ಬನ್. ತಿಂಗಳುಗಟ್ಟಲೆ ಕಾದು ಅವರು ಎಣಿಸಿದ್ದು ಬರೀ 11. ಹಿಂದೆ ಉಳಿಯುವುದು ಸೀಸ-209, ಮತ್ತೆ ಅದೇ ಗಟ್ಟಿ ಕವಚದ ನೆರೆಮನೆ. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಪ್ರೀತಿಯ ಫಲಿತಾಂಶ ಇದು. ಲೆಕ್ಕ ಮೊದಲು, ಪ್ರಯೋಗ ಆಮೇಲೆ. ಈ ದಾರಿಯ ಅಪಾಯ, ಗೋಡೆಯ ಒಳಭಾಗದ ಆಕಾರ ಮತ್ತು ಕುತ್ತಿಗೆಯ ಜಡತ್ವವನ್ನು ನೀವು ಆರಿಸಬೇಕು, ಎರಡನ್ನೂ ನೇರವಾಗಿ ಅಳೆಯಲು ಆಗುವುದಿಲ್ಲ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಮಲಿಕ್ ಮತ್ತು ಗುಪ್ತಾ 1989ರಲ್ಲಿ ಕೊಟ್ಟ ಪೂರ್ವರಚಿತ ಕ್ಲಸ್ಟರ್ ಮಾಡೆಲ್ ಇವೆರಡರ ನಡುವೆ ನಿಲ್ಲುತ್ತದೆ. ತುಂಡು ಒಳಗೆ ರೂಪುಗೊಳ್ಳುವ ಸಂಭವವನ್ನೂ ಲೆಕ್ಕ ಹಾಕುತ್ತದೆ, ಗೋಡೆ ದಾಟುವುದನ್ನೂ ಲೆಕ್ಕ ಹಾಕುತ್ತದೆ. ನಮ್ಮ ದೇಶದ ಹಲವು ಗುಂಪುಗಳು ಇದನ್ನು ಬಳಸುವುದರಿಂದ ಸಹಾಯ ಕೇಳಲು ಜನ ಸಿಗುತ್ತಾರೆ.

ಮೂರನೆಯದು ಸೂಕ್ಷ್ಮ ದಾರಿ. ಕವಚ ಮಾಡೆಲ್‌ನಿಂದ ಶುರು ಮಾಡಿ ನಾಲ್ಕು ಕಣಗಳು ಹೊರಮೈಯಲ್ಲಿ ಹೇಗೆ ಒಂದಾಗುತ್ತವೆ ಅಂತ ನೇರವಾಗಿ ಲೆಕ್ಕ ಹಾಕುವುದು. ಭೌತಶಾಸ್ತ್ರದ ದೃಷ್ಟಿಯಿಂದ ಇದೇ ಪ್ರಾಮಾಣಿಕ ದಾರಿ. ಆದರೆ ಬರೀ ಕವಚ ಮಾಡೆಲ್ ಹಾಕಿದರೆ ಪೊಲೋನಿಯಂ-212ರಂಥ ಸರಳ ನ್ಯೂಕ್ಲಿಯಸ್‌ಗೂ ಕ್ಷಯದ ದರ ಅಳತೆಗಿಂತ ತೀರಾ ಕಡಿಮೆ ಬರುತ್ತದೆ. 1992ರಲ್ಲಿ ವರ್ಗಾ, ಲೋವಾಸ್, ಲಿಯೊಟ್ಟಾ ಕವಚದ ಸ್ಥಿತಿಗಳ ಜೊತೆ ಆಲ್ಫಾ ಕ್ಲಸ್ಟರ್ ಸ್ಥಿತಿಯನ್ನೂ ಬೆರೆಸಿದ ಮೇಲೆ ಅದು ಸರಿಹೋಯಿತು. ಇದು ಪಿಎಚ್.ಡಿ. ಮಟ್ಟದ ಕೆಲಸ. ಒಂದು ಸೆಮಿಸ್ಟರ್‌ನಲ್ಲಿ ಕೈ ಹಾಕಿದರೆ ಕೋಡ್ ಓಡಿಸುವುದರಲ್ಲೇ ದಿನ ಮುಗಿಯುತ್ತದೆ. ಬೇಡ.

ನಾಲ್ಕನೆಯದು ಸಿದ್ಧ ಸೂತ್ರಗಳು. 1966ರ ವಿಯೋಲಾ-ಸೀಬೋರ್ಗ್, 2000ದ ರಾಯರ್ ಸೂತ್ರ, ಇಂಥವು. ಕ್ಯೂ-ಮೌಲ್ಯ, ಪ್ರೋಟಾನ್ ಸಂಖ್ಯೆ ಹಾಕಿದರೆ ಅರ್ಧಾಯು ಬರುತ್ತದೆ. ಸಮ-ಸಮ ನ್ಯೂಕ್ಲಿಯಸ್‌ಗಳಿಗೆ ಹೆಚ್ಚಾಗಿ ಎರಡು ಮೂರು ಪಟ್ಟಿನೊಳಗೇ ಬರುತ್ತದೆ. ಗ್ಯಾಮೊ ಲೆಕ್ಕಕ್ಕಿಂತ ಚೆನ್ನಾಗಿ ಹೊಂದುವುದನ್ನು ನೋಡಿ "ಇದೇ ಒಳ್ಳೆಯ ಥಿಯರಿ" ಅಂತ ಬರೆಯಬೇಡಿ. ಅದರ ಗುಣಾಂಕಗಳನ್ನು ನೂರಾರು ಅಳತೆಗಳಿಗೆ ಹೊಂದಿಸಿಯೇ ತೆಗೆದಿರುತ್ತಾರೆ, ಅದೇ ಅಳತೆಗಳಿಗೆ ಹೊಂದುವುದರಲ್ಲಿ ಆಶ್ಚರ್ಯ ಇಲ್ಲ. ಹೋಲಿಕೆಗೆ ಒಂದು ಕಾಲಂ ಇಡಿ, ಸಾಕು.

ಯಾವ ದಾರಿ ಹಿಡಿದರೂ ಕ್ಯೂ-ಮೌಲ್ಯಗಳನ್ನು ಒಂದೇ ಕಡೆಯಿಂದ ತೆಗೆಯಿರಿ. ಪರಮಾಣು ದ್ರವ್ಯರಾಶಿಗಳ ಎಎಂಇ-2020 ಪಟ್ಟಿ, ಅರ್ಧಾಯುಗಳಿಗೆ ನ್ಯೂಬೇಸ್-2020. ಹಳೆಯ ಪಠ್ಯಪುಸ್ತಕದಿಂದ ಒಂದು, ಇಂಟರ್ನೆಟ್‌ನಿಂದ ಒಂದು ಅಂತ ಸೇರಿಸಿದರೆ ನಿಮಗೆ ಆದ 4.198-4.270ರ ಗೊಂದಲವೇ ಮತ್ತೆ ಆಗುತ್ತದೆ. ಹಾಗೇ ಅರ್ಧಾಯು ಅಳತೆಗಳಲ್ಲಿ ಆಲ್ಫಾ ದಾರಿಯ ಪಾಲು ಎಷ್ಟು ಅಂತ ನೋಡಿ. ಒಂದು ನ್ಯೂಕ್ಲಿಯಸ್ ಬೀಟಾ ದಾರಿಯಲ್ಲೂ ಹೋಗುತ್ತಿದ್ದರೆ ಒಟ್ಟು ಅರ್ಧಾಯುವನ್ನು ನಿಮ್ಮ ಆಲ್ಫಾ ಲೆಕ್ಕದ ಜೊತೆ ಹೋಲಿಸುವ ಹಾಗಿಲ್ಲ.

ಬೀಟಾ ಬಗ್ಗೆ: ನಿಮ್ಮ ಗೈಡ್ ಜೊತೆ ಮಾತಾಡಿ ಅದನ್ನು ಬಿಡಿಸಿಕೊಳ್ಳಲು ನೋಡಿ. ಅದಕ್ಕೆ ಬೇರೆಯೇ ಥಿಯರಿ ಬೇಕು. ಎಲೆಕ್ಟ್ರಾನ್ ಒಳಗೆ ಇದ್ದು ಗೋಡೆ ತೂರಿ ಬರುವುದಿಲ್ಲ, ಹೊರಬರುವ ಕ್ಷಣದಲ್ಲೇ ಹುಟ್ಟುತ್ತದೆ. 1930ರಲ್ಲಿ ಪೌಲಿ ಕಾಣದ ಕಣ ಒಂದನ್ನು ಸೂಚಿಸಿದರು, 1934ರಲ್ಲಿ ಫರ್ಮಿ ಅದನ್ನು ಬಳಸಿ ಥಿಯರಿ ಕಟ್ಟಿದರು. ಅಲ್ಲಿ ಶಕ್ತಿಯೊಂದೇ ಯಜಮಾನ ಅಲ್ಲ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಟ್ರಿಟಿಯಂ ಕ್ಷಯದಲ್ಲಿ ಸಿಗುವ ಶಕ್ತಿ 0.0186 ಎಂಇವಿ, ಅರ್ಧಾಯು 12.3 ವರ್ಷ. ಕಾರ್ಬನ್-14ರಲ್ಲಿ ಶಕ್ತಿ ಎಂಟು ಪಟ್ಟು, 0.156 ಎಂಇವಿ. ಅರ್ಧಾಯು ಕಡಿಮೆ ಆಗಬೇಕಿತ್ತು ಅಲ್ವಾ? ಆದರೆ 5,700 ವರ್ಷ. ಕಾರ್ಬನ್‌ನ ಸ್ಥಿತಿಯೂ ನೈಟ್ರೋಜನ್‌ನ ಸ್ಥಿತಿಯೂ ಹೊಂದದೆ, ಅಲೆಗಳ ಕೊಡುಗೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇದನ್ನು ನಿಮ್ಮ ಗೋಡೆಯ ಲೆಕ್ಕದ ಪಕ್ಕದಲ್ಲಿ ಒಂದು ಅಧ್ಯಾಯವಾಗಿ ತುರುಕಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ. ಇನ್ನೊಂದು ಕಣ ಬೇಕೇ ಬೇಕು ಅಂದರೆ ಪ್ರೋಟಾನ್ ಹೊರಸೂಸುವಿಕೆ ತೆಗೆದುಕೊಳ್ಳಿ. ಲುಟೇಶಿಯಂ-151ರಲ್ಲಿ 1980ರ ದಶಕದ ಆರಂಭದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಂಡದ್ದು. ಅದೇ ಗೋಡೆ, ಅದೇ ಡಬ್ಲ್ಯುಕೆಬಿ. ಪ್ರೋಟಾನ್ ಒಳಗೆ ಸಿದ್ಧವಾಗಿಯೇ ಇರುವುದರಿಂದ ಪೂರ್ವರಚನೆಯ ತಲೆನೋವು ಇಲ್ಲ. ಆದರೆ ಪ್ರೋಟಾನ್ ಹಗುರ, ಅದಕ್ಕೆ ಕೋನೀಯ ಸಂವೇಗದ (ಸುತ್ತುವ ಚಲನೆಯ) ಗೋಡೆ ಆಲ್ಫಾಗಿಂತ ತುಂಬಾ ಜಾಸ್ತಿ ಅಡ್ಡ ಬರುತ್ತದೆ. ಲುಟೇಶಿಯಂನಲ್ಲಿ ಆ ಕೋನೀಯ ಸಂವೇಗ 5. ಅದನ್ನು ಸೊನ್ನೆ ಅಂತ ಹಾಕಿದರೆ ಉತ್ತರ ಸಾವಿರಾರು ಪಟ್ಟು ತಪ್ಪುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಇಂಥ ಪ್ರಾಜೆಕ್ಟ್‌ಗಳಲ್ಲಿ ಕೊನೆಯ ಅಧ್ಯಾಯಕ್ಕೆ ಇನ್ನೂ ಕಂಡುಹಿಡಿಯದ ಅತಿಭಾರ ಧಾತುಗಳ ಅರ್ಧಾಯು "ಭವಿಷ್ಯ" ಹೇಳುವುದು ಈಗ ರೂಢಿ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಕ್ಯೂ-ಮೌಲ್ಯವನ್ನು ಯಾರೂ ಅಳೆದಿಲ್ಲ, ಅದೂ ಒಂದು ಮಾಡೆಲ್‌ನಿಂದಲೇ ಬರುತ್ತದೆ. ಒಗಾನೆಸ್ಸಾನ್-294ರ ಸುತ್ತ ಕ್ಯೂ-ಮೌಲ್ಯ 0.5 ಎಂಇವಿ ಆಚೆ ಈಚೆ ಆದರೆ ಅರ್ಧಾಯು ಹತ್ತು ಪಟ್ಟಿನಷ್ಟು ಆಚೆ ಈಚೆ ಆಗುತ್ತದೆ. ಎರಡು ಬೇರೆ ದ್ರವ್ಯರಾಶಿ ಮಾಡೆಲ್‌ಗಳಿಂದ ಕ್ಯೂ ತೆಗೆದು, ಎರಡೂ ಅರ್ಧಾಯುಗಳನ್ನು ಪಕ್ಕಪಕ್ಕ ಬರೆಯಿರಿ. ದಶಮಾಂಶದ ನಂತರ ಮೂರು ಅಂಕೆ ಬರೆಯಬೇಡಿ, ಅರ್ಧಾಯುವಿನ ಲಾಗರಿಥಮ್‌ನಲ್ಲಿ ಒಂದು ಅಂಕೆ ಸಾಕು.

ಸದ್ಯಕ್ಕೆ ಈ ವಾರ ಮಾಡಬೇಕಾದದ್ದು ಇಷ್ಟೇ. ಪ್ರೋಟಾನ್ ಸಂಖ್ಯೆ, ಕ್ಯೂ-ಮೌಲ್ಯ ಎರಡನ್ನೂ ಸರಿಪಡಿಸಿ. ತ್ರಿಜ್ಯವನ್ನು ಒಂದೇ ಕಡೆ ನಿಲ್ಲಿಸಿ. ಪೊಲೋನಿಯಂನ ಸಮ ಐಸೊಟೋಪುಗಳನ್ನು ನ್ಯೂಟ್ರಾನ್ ಸಂಖ್ಯೆ 120ರಿಂದ 134ರವರೆಗೆ ಸಾಲಾಗಿ ಹಾಕಿ, ಅಳತೆಗೂ ಲೆಕ್ಕಕ್ಕೂ ಇರುವ ಅನುಪಾತದ ಲಾಗರಿಥಮ್ ಅನ್ನು ಗ್ರಾಫ್ ಮಾಡಿ. 126ರಿಂದ 128ಕ್ಕೆ ಹೋಗುವಾಗ ಅದು ಏನಾಗುತ್ತದೆ ಅಂತ ನೋಡಿ ನನಗೆ ಬರೆಯಿರಿ.